‘ಡೈಲಿ ಡೋಸ್ ಆಫ್ ಸನ್‌ಶೈನ್’: ಖಿನ್ನತೆ ಮತ್ತು ಮನೆಯವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೊರಿಯನ್ ಸೀರೀಸ್ ಬಗ್ಗೆ ಮಾತು ಶುರು ಮಾಡಿದರೆ ಜನ ಮೊದಲು ಕಥೆ ಕೇಳುತ್ತಾರೆ. ಹತ್ತು ನಿಮಿಷ ಆದ ಮೇಲೆ ಮೆಲ್ಲಗೆ ತಮ್ಮ ಮನೆಯ ವಿಷಯಕ್ಕೆ ಬರುತ್ತಾರೆ. ಹಾಗಾಗಿ ಇಲ್ಲಿ ಎರಡೂ ಬಗೆಯ ಪ್ರಶ್ನೆಗಳಿವೆ. ನಮ್ಮ ಮನೆಯಲ್ಲೂ ಒಬ್ಬರಿಗೆ ಖಿನ್ನತೆ ಬಂದಿತ್ತು, ನನ್ನ ತಮ್ಮನಿಗೆ. ಅವನನ್ನು ಕೇಳಿಯೇ ಅವನ ವಿಷಯ ಒಂದೆರಡು ಕಡೆ ಬರೆದಿದ್ದೇನೆ.

ಇದು ಯಾವ ಸೀರೀಸ್? ಎಲ್ಲಿ ನೋಡಬಹುದು?

ನೆಟ್‌ಫ್ಲಿಕ್ಸ್‌ನಲ್ಲಿದೆ. 2023ರ ನವೆಂಬರ್ 3ರಂದು ಬಂತು. ಒಟ್ಟು 12 ಎಪಿಸೋಡ್, ಒಂದೇ ಸೀಸನ್. ಮುಖ್ಯ ಪಾತ್ರ ಮಾಡಿರುವವರು ಪಾರ್ಕ್ ಬೊ-ಯಂಗ್. ಇದಕ್ಕೆ ಅವರಿಗೆ 2024ರಲ್ಲಿ ಬ್ಲೂ ಡ್ರ್ಯಾಗನ್ ಸೀರೀಸ್ ಅವಾರ್ಡ್ಸ್‌ನ ಉತ್ತಮ ನಟಿ ಪ್ರಶಸ್ತಿ ಸಿಕ್ಕಿತು. ನಿರ್ದೇಶಕ ಲೀ ಜೇ-ಕ್ಯೂ. ಶಾಲೆಯೊಳಗೆ ಜಾಂಬಿಗಳು ನುಗ್ಗುವ ‘ಆಲ್ ಆಫ್ ಅಸ್ ಆರ್ ಡೆಡ್’ ಮಾಡಿದವರೇ ಇವರು ಅಂದರೆ ನಂಬುವುದು ಕಷ್ಟ.

ಮೂಲ ಒಂದು ವೆಬ್‌ಟೂನ್, ಅಂದರೆ ಇಂಟರ್ನೆಟ್‌ನಲ್ಲಿ ಬರುವ ಕಾಮಿಕ್ಸ್. ಬರೆದ ಲೀ ರಾ-ಹಾ ಮೊದಲು ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಅದು ಸೀರೀಸ್‌ನಲ್ಲಿ ಗೊತ್ತಾಗುತ್ತದೆ. ಬೀಗ, ಕೀಲಿ, ಮಾತ್ರೆ ಕೊಟ್ಟು ನುಂಗಿದರಾ ಅಂತ ನೋಡುವುದು, ರಾತ್ರಿ ರೌಂಡ್ಸು, ಇವನ್ನೆಲ್ಲ ದೂರದಿಂದ ನೋಡಿದವರು ಹೀಗೆ ಬರೆಯಲಾರರು.

ಕೊರಿಯನ್ ಹೆಸರಿನ ಅರ್ಥ ಬೇರೆ ಇದೆಯಂತೆ, ಹೌದಾ?

ಹೌದು, ನನಗೆ ಆ ಹೆಸರೇ ಜಾಸ್ತಿ ಇಷ್ಟ. ‘ಮನೋರೋಗ ವಾರ್ಡಿಗೂ ಬೆಳಗಾಗುತ್ತದೆ’ ಅಂತ ಅದರ ಅರ್ಥ. ಆ ವಾರ್ಡಿನ ಕಿಟಕಿಗಳಿಗೆ ಪರದೆ ಹಾಕುವುದಿಲ್ಲ, ರೋಗಿಗಳ ಸುರಕ್ಷತೆಗಾಗಿ. ಪರದೆ ಇಲ್ಲದ ಕಾರಣ ಇಡೀ ಆಸ್ಪತ್ರೆಯಲ್ಲಿ ಬೆಳಕು ಮೊದಲು ಬರುವುದು ಅಲ್ಲಿಗೇ. ಹೊಸದಾಗಿ ಬಂದ ನರ್ಸ್‌ಗೆ ಇದನ್ನು ಶುರುವಿನಲ್ಲೇ ಹೇಳುತ್ತಾರೆ. ಖಿನ್ನತೆ ಇರುವವರಿಗೆ ಬೆಳಗಿನ ಹೊತ್ತು ಎಷ್ಟು ಭಾರ ಅಂತ ಗೊತ್ತಿರುವವರಿಗೆ ಈ ಹೆಸರು ಇನ್ನೊಂದು ರೀತಿಯಲ್ಲೂ ತಟ್ಟುತ್ತದೆ. ತುಂಬಾ ಜನರಿಗೆ ಬೆಳಿಗ್ಗೆ ಏಳುವುದೇ ದಿನದ ಅತಿ ಕಷ್ಟದ ಕೆಲಸ.

ಕಥೆ ಏನು? ಗುಟ್ಟು ಬಿಟ್ಟುಕೊಡದೆ ಹೇಳಿ.

ಜಂಗ್ ದಾ-ಉನ್ ಮೂರು ವರ್ಷ ಸಾಮಾನ್ಯ ವಾರ್ಡಿನಲ್ಲಿ ಕೆಲಸ ಮಾಡಿ ಮನೋರೋಗ ವಾರ್ಡಿಗೆ ಬರುತ್ತಾಳೆ. ಅವಳದ್ದು ತುಂಬಾ ಮೆತ್ತಗಿನ ಮನಸ್ಸು. ಪ್ರತಿ ರೋಗಿಯ ಹತ್ತಿರವೂ ಜಾಸ್ತಿ ಹೊತ್ತು ನಿಲ್ಲುತ್ತಾಳೆ, ಅದರಿಂದ ಉಳಿದವರ ಮೇಲೆ ಕೆಲಸ ಬೀಳುತ್ತದೆ. ಹಳೇ ವಾರ್ಡಿನಲ್ಲಿ ಅದೇ ದೂರು. ಹೊಸ ವಾರ್ಡಿನಲ್ಲಿ ಬೈಪೋಲಾರ್ (ಮನಸ್ಸು ಒಮ್ಮೆ ತೀರಾ ಉಬ್ಬಿ, ಒಮ್ಮೆ ತೀರಾ ಕುಗ್ಗುವ ಕಾಯಿಲೆ) ಇರುವವರು, ಜನರನ್ನು ಕಂಡರೆ ನಡುಗುವವರು, ಇಲ್ಲದ್ದನ್ನು ಇದೆ ಅಂತ ನಂಬಿರುವವರು ಒಬ್ಬೊಬ್ಬರಾಗಿ ಸಿಗುತ್ತಾರೆ. ಅವಳ ಬಾಲ್ಯದ ಗೆಳೆಯ ಯೂ-ಚಾನ್, ಮುಖ್ಯ ನರ್ಸ್ ಹ್ಯೋ-ಶಿನ್, ಬೆರಳು ನೆಟಿಗೆ ಮುರಿಯುವುದನ್ನು ನಿಲ್ಲಿಸಲಾಗದ ಡಾಕ್ಟರ್ ಗೋ-ಯುನ್, ಇವರಿಗೂ ಒಂದೊಂದು ನೋವಿದೆ. ಮಧ್ಯದಲ್ಲಿ ಕಥೆ ತಿರುಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ. ನೋಡದವರು ಆ ಪ್ರಶ್ನೆ ದಾಟಿಕೊಂಡು ಹೋಗಿ.

ಇದು ಆಸ್ಪತ್ರೆಯ ಕಥೆ ಅಲ್ವಾ? ಕುಟುಂಬದ ಕಥೆ ಅಂತ ಯಾಕೆ ಹೇಳುತ್ತೀರಿ?

ಮೊದಲ ಸಲ ನೋಡಿದಾಗ ನನಗೂ ಆಸ್ಪತ್ರೆಯೇ ಕಂಡಿತ್ತು. ಎರಡನೇ ಸಲ ನೋಡುವಾಗ ವಾರ್ಡಿನ ಬಾಗಿಲ ಆಚೆ ನಿಂತವರು ಕಾಣತೊಡಗಿದರು.

ಮೊದಲ ಎಪಿಸೋಡಿನ ರೋಗಿಯನ್ನೇ ತೆಗೆದುಕೊಳ್ಳಿ. ಅವಳಿಗೆ ಬೈಪೋಲಾರ್. ದೊಡ್ಡ ಮನೆ, ದುಡ್ಡು, ಒಳ್ಳೆ ಓದು, ಯಾವುದಕ್ಕೂ ಕೊರತೆ ಇಲ್ಲ. ಆದರೆ ಅವಳ ಬದುಕಿನ ಪ್ರತಿಯೊಂದನ್ನೂ ಅಮ್ಮನೇ ನಿರ್ಧರಿಸಿಬಿಟ್ಟಿದ್ದಾರೆ. ಅಮ್ಮ ಕೆಟ್ಟವರಲ್ಲ. ಮಗಳಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ಆ ದೃಶ್ಯಗಳಲ್ಲಿ ತಾಯಿಯ ಮುಖ ನೋಡಿ. ತನ್ನದು ಎಲ್ಲಿ ತಪ್ಪಾಯಿತು ಅಂತ ಆಕೆಗೆ ನಿಜವಾಗಲೂ ಗೊತ್ತಾಗುತ್ತಿಲ್ಲ.

ಯೂ-ಚಾನ್ ದೊಡ್ಡ ಕಂಪನಿಯ ಕೆಲಸ ಬಿಟ್ಟು ಅಪ್ಪ ಅಮ್ಮನ ಚಿಕನ್ ಅಂಗಡಿಯಲ್ಲಿ ನಿಂತಿದ್ದಾನೆ. ನಗಿಸುತ್ತಾ ಓಡಾಡುತ್ತಾನೆ. ಅವನಿಗೆ ಪ್ಯಾನಿಕ್ ಡಿಸಾರ್ಡರ್, ಅಂದರೆ ಇದ್ದಕ್ಕಿದ್ದ ಹಾಗೆ ವಿಪರೀತ ಭಯ ಬಂದು ಉಸಿರು ಕಟ್ಟುವ ಕಾಯಿಲೆ ಇದೆ ಅಂತ ಹತ್ತಿರದವರಿಗೂ ಬೇಗ ತಿಳಿಯುವುದಿಲ್ಲ. ಮುಖ್ಯ ನರ್ಸ್ ಹ್ಯೋ-ಶಿನ್‌ಗೆ ಒಬ್ಬ ತಂಗಿ, ಅವಳಿಗೆ ಸ್ಕಿಜೋಫ್ರೀನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಕಾಯಿಲೆ. ದಿನವಿಡೀ ಬೇರೆಯವರ ಮನೆಯವರಿಗೆ ಧೈರ್ಯ ಹೇಳುವ ಆ ಹೆಂಗಸು ಸಂಜೆ ತಾನೂ ಒಬ್ಬ ರೋಗಿಯ ಅಕ್ಕನಾಗಿ ಮನೆಗೆ ಹೋಗುತ್ತಾಳೆ. ಈ ಪಾತ್ರ ಮಾಡಿದವರು ಲೀ ಜಂಗ್-ಉನ್, ‘ಪ್ಯಾರಸೈಟ್’ ಸಿನಿಮಾದಲ್ಲಿ ಮನೆಗೆಲಸದವಳಾಗಿದ್ದವರು. ಕೂಗಾಡದೆ, ಜಾಸ್ತಿ ಅಳದೆ, ಬರೀ ನಿಲ್ಲುವ ರೀತಿಯಲ್ಲೇ ದಣಿವು ತೋರಿಸುತ್ತಾರೆ.

ಇವರೆಲ್ಲರ ಮನೆಯಲ್ಲೂ ಪ್ರೀತಿ ಇದೆ. ಪ್ರೀತಿ ಇದ್ದ ಮನೆಯಲ್ಲೇ ಆ ಒಂದು ಪ್ರಶ್ನೆ ಬರುವುದು: ‘ನಿನಗೇನು ಕಮ್ಮಿ ಮಾಡಿದ್ದೀವಿ?’ ನಾವೂ ತಮ್ಮನಿಗೆ ಇದನ್ನೇ ಕೇಳಿದ್ದೆವು. ಒಂದು ಸಲ ಅಲ್ಲ, ದಿನಾ. ಅಪ್ಪ ಸಿಟ್ಟಿನಲ್ಲಿ, ಅಮ್ಮ ಅಳುತ್ತಾ, ನಾನು ಬುದ್ಧಿ ಹೇಳುವ ಧಾಟಿಯಲ್ಲಿ. ಅವನಿಗೆ ಕೇಳುತ್ತಿದ್ದದ್ದು ಒಂದೇ. ಎಲ್ಲ ಕೊಟ್ಟರೂ ಹೀಗಿದ್ದೀಯಲ್ಲ, ತಪ್ಪು ನಿನ್ನದೇ. ಖಿನ್ನತೆ ಬಂದವರು ಆ ತೀರ್ಪನ್ನು ಮೊದಲೇ ತಮಗೆ ತಾವೇ ಕೊಟ್ಟುಕೊಂಡಿರುತ್ತಾರೆ. ನಾವು ಅದಕ್ಕೆ ಸಹಿ ಹಾಕುತ್ತಿದ್ದೆವು. ಇದನ್ನು ನಾನು ಡಾಕ್ಟರಿಂದ ಕಲಿಯುವ ಮೊದಲು ಈ ಸೀರೀಸ್ ನೋಡಿ ಕಲಿತೆ. ಅದಕ್ಕೇ ಎಲ್ಲರಿಗೂ ನೋಡಿ ಅಂತ ಹೇಳುತ್ತಿರುತ್ತೇನೆ.

ದಾ-ಉನ್‌ಗೇ ಯಾಕೆ ಖಿನ್ನತೆ ಬರುತ್ತದೆ? (ಇಲ್ಲಿ ಕಥೆಯ ಗುಟ್ಟಿದೆ)

ವಾರ್ಡಿನಲ್ಲಿ ಕಿಮ್ ಸೊ-ವಾನ್ ಅಂತ ಒಬ್ಬ ಹುಡುಗ. ಸರ್ಕಾರಿ ಕೆಲಸದ ಪರೀಕ್ಷೆಗೆ ವರ್ಷಗಟ್ಟಲೆ ಓದಿ, ಕೊನೆಗೆ ವಿಡಿಯೋ ಗೇಮಿನ ಲೋಕದೊಳಗೆ ಹೋಗಿ ಕೂತುಬಿಟ್ಟವನು. ಕೊರಿಯಾದಲ್ಲಿ ಇಂಥ ಪರೀಕ್ಷೆ ಬರೆಯುವವರದ್ದೇ ಒಂದು ಲೋಕ. ರಾಜಧಾನಿ ಸೋಲ್‌ನ ನೋರ್ಯಾಂಗ್‌ಜಿನ್ ಬಡಾವಣೆ ಪೂರ್ತಿ ಕೋಚಿಂಗ್ ಸೆಂಟರು, ಪುಟ್ಟ ರೂಮು, ಅಗ್ಗದ ಊಟ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಕೆಪಿಎಸ್‌ಸಿಗೆ ಓದುತ್ತಾ ವಯಸ್ಸು ದಾಟಿದವರನ್ನು ಬಲ್ಲವರಿಗೆ ಸೊ-ವಾನ್ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ದಾ-ಉನ್ ಅವನಿಗೆ ತುಂಬಾ ಹತ್ತಿರ. ಅವನು ಹುಷಾರಾಗಿ ಮನೆಗೆ ಹೋಗುತ್ತಾನೆ. ಆಮೇಲೆ ಆತ್ಮಹತ್ಯೆಯ ಸುದ್ದಿ ಬರುತ್ತದೆ. ಅಲ್ಲಿಂದ ದಾ-ಉನ್ ಕುಸಿಯುತ್ತಾಳೆ.

ಆದರೆ ಖಿನ್ನತೆಗೆ ಒಂದೇ ಕಾರಣ ಹುಡುಕಬೇಡಿ. ಸೀರೀಸ್ ಕೂಡ ಹುಡುಕುವುದಿಲ್ಲ. ತನ್ನ ಇಷ್ಟಕ್ಕಿಂತ ಬೇರೆಯವರ ಇಷ್ಟವನ್ನೇ ಮುಂದಿಟ್ಟು ಬೆಳೆದ ಹುಡುಗಿ ಅವಳು. ‘ಬೇಡ’ ಅನ್ನಲು ಬಾರದವಳು. ಆ ಸಾವು ಕೊನೆಯ ಹೊರೆ. ದೇಹದ ಗುಣ, ಬೆಳೆದ ಪರಿಸರ, ಒತ್ತಡ, ಹತ್ತಿರದವರ ಸಾವು, ಎಲ್ಲ ಸೇರಿ ಈ ಕಾಯಿಲೆ ಬರುತ್ತದೆ. ನರ್ಸ್ ಆದರೂ ಅಷ್ಟೇ, ಡಾಕ್ಟರ್ ಆದರೂ ಅಷ್ಟೇ. ಸಕ್ಕರೆ ಕಾಯಿಲೆಯ ಡಾಕ್ಟರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲವಾ?

ದಾ-ಉನ್‌ಳ ಅಮ್ಮ ಅವಳನ್ನು ಒಪ್ಪಿಗೆ ಇಲ್ಲದೆ ಆಸ್ಪತ್ರೆಗೆ ಸೇರಿಸುತ್ತಾರೆ. ಇದು ಸರಿಯಾ? ಕಾನೂನು ಏನು ಹೇಳುತ್ತದೆ?

ಜನ ಜಾಸ್ತಿ ಜಗಳ ಆಡುವುದು ಈ ದೃಶ್ಯದ ಬಗ್ಗೆಯೇ. ಬೇರೆಯವರನ್ನು ವಾರ್ಡಿನಲ್ಲಿ ನೋಡಿಕೊಂಡವಳೇ ಈಗ ಇನ್ನೊಂದು ಆಸ್ಪತ್ರೆಯ ವಾರ್ಡಿನೊಳಗೆ. ಮೊದಲು ಒಪ್ಪುವುದೇ ಇಲ್ಲ. ಇವರೆಲ್ಲ ರೋಗಿಗಳು, ನಾನು ಹಾಗಲ್ಲ ಅನ್ನುವ ಭಾವ ಅವಳಲ್ಲೂ ಇದೆ. ರೋಗಿಗಳನ್ನು ಅಷ್ಟು ಪ್ರೀತಿಸಿದವಳ ಒಳಗೂ ಈ ಗೆರೆ ಇತ್ತು ಅಂತ ತೋರಿಸಿದ್ದು ನನಗೆ ಇಡೀ ಸೀರೀಸ್‌ನ ಅತಿ ಪ್ರಾಮಾಣಿಕ ಜಾಗ.

ಕೊರಿಯಾದಲ್ಲಿ ಮೊದಲು ಇಬ್ಬರು ಮನೆಯವರು ಕೇಳಿ ಒಬ್ಬ ಮನೋವೈದ್ಯ ಒಪ್ಪಿದರೆ ಸಾಕಿತ್ತು, ಯಾರನ್ನಾದರೂ ತಿಂಗಳುಗಟ್ಟಲೆ ಒಳಗಿಡಬಹುದಿತ್ತು. ಆಸ್ತಿ ಜಗಳ, ಗಂಡ ಹೆಂಡತಿ ಜಗಳಕ್ಕೂ ಇದು ಬಳಕೆಯಾಗುತ್ತಿದೆ ಅನ್ನುವ ದೂರುಗಳಿದ್ದವು. 2016ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಯಮ ಸಂವಿಧಾನಕ್ಕೆ ಹೊಂದುವುದಿಲ್ಲ ಅಂತ ಹೇಳಿತು. 2017ರ ಮೇ ತಿಂಗಳಿಂದ ಹೊಸ ಕಾನೂನು. ಈಗ ಎರಡು ವಾರಕ್ಕಿಂತ ಹೆಚ್ಚು ಇರಿಸಿಕೊಳ್ಳಬೇಕಾದರೆ ಬೇರೆ ಬೇರೆ ಆಸ್ಪತ್ರೆಯ ಇಬ್ಬರು ಮನೋವೈದ್ಯರು ಒಂದೇ ಅಭಿಪ್ರಾಯ ಕೊಡಬೇಕು.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ, 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇರುವವರನ್ನು ಅವರ ಮಾತು ಕೇಳಿಯೇ ಸೇರಿಸಬೇಕು. ಜೀವಕ್ಕೆ ಅಪಾಯ ಇದೆ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾರದಷ್ಟು ಕಷ್ಟ ಇದೆ ಅಂದಾಗ ಮಾತ್ರ ಬೇರೆ ದಾರಿ. ಆಗಲೂ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು. ಹಾಗೆ ಸೇರಿಸಿದರೆ ಮೊದಲಿಗೆ 30 ದಿನದ ಮಿತಿ ಇದೆ.

ಸರಿಯಾ ತಪ್ಪಾ ಅಂತ ಕೇಳಿದರೆ, ಆ ಅಮ್ಮನ ಜಾಗದಲ್ಲಿ ನಾನಿದ್ದರೂ ಸಹಿ ಹಾಕುತ್ತಿದ್ದೆ. ಮಗಳು ಬದುಕಿದ್ದರೆ ತಾನೇ ಆಮೇಲೆ ಅವಳು ನನ್ನ ಮೇಲೆ ಸಿಟ್ಟಾಗುವುದು.

ನಮ್ಮಲ್ಲಿಯೂ ಮನೆಯವರನ್ನು ಹೊರಗೇ ನಿಲ್ಲಿಸುತ್ತಾರಾ?

ಎಲ್ಲ ಕಡೆ ಹಾಗಿಲ್ಲ. ಭಾರತದಲ್ಲಿ ಮನೆಯವರೊಬ್ಬರು ರೋಗಿಯ ಜೊತೆಗೇ ವಾರ್ಡಿನಲ್ಲಿ ಉಳಿಯುವ ರೂಢಿ ಹಳೆಯದು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅವರು ಮನೆಯವರನ್ನೂ ರೋಗಿಯ ಜೊತೆ ಇರಿಸಿಕೊಳ್ಳುವುದನ್ನು ಶುರು ಮಾಡಿದರು. ಆಮೇಲೆ ವೆಲ್ಲೂರಿನಲ್ಲೂ ಬೆಂಗಳೂರಿನಲ್ಲೂ ಆ ದಾರಿ ಬೆಳೆಯಿತು. ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಬೇರೆ ವಿಭಾಗ ಇದೆ. ಹಾಗಾಗಿ ಸೀರೀಸ್‌ನಲ್ಲಿ ತಾಯಂದಿರು ಭೇಟಿಯ ಸಮಯಕ್ಕೆ ಕಾಯುವುದನ್ನು ನೋಡಿದಾಗ ನಮಗೆ ಹೊಟ್ಟೆ ಚುರುಕ್ ಅನ್ನುತ್ತದೆ. ಎರಡಕ್ಕೂ ಒಳ್ಳೆಯದು ಕೆಟ್ಟದ್ದು ಇದೆ. ಮನೆಯೇ ಉಸಿರು ಕಟ್ಟಿಸುತ್ತಿದ್ದರೆ ಮನೆಯಿಂದ ಒಂದಷ್ಟು ದಿನ ದೂರ ಇರುವುದೂ ಒಂದು ಮದ್ದು.

ಕಾಯಿಲೆಗಳನ್ನು ಸರಿಯಾಗಿ ತೋರಿಸಿದ್ದಾರಾ?

ಬಹುಪಾಲು ಸರಿ. ನನಗೆ ಎರಡು ವಿಷಯ ತುಂಬಾ ಹಿಡಿಸಿದವು.

ಒಂದು, ಕೆಲಸ ಮತ್ತು ಮಗು ಎರಡನ್ನೂ ಹೊತ್ತ ತಾಯಿಯ ಕಥೆ. ಅವಳಿಗೆ ಎಲ್ಲ ಮರೆತುಹೋಗುತ್ತಿದೆ. ಇಷ್ಟು ಚಿಕ್ಕ ವಯಸ್ಸಿಗೇ ಮರೆವಿನ ಕಾಯಿಲೆಯಾ ಅಂತ ಭಯ. ಆಮೇಲೆ ತಿಳಿಯುತ್ತದೆ, ಅದು ಖಿನ್ನತೆ. ಇದು ನಿಜವಾಗಿಯೂ ಆಗುತ್ತದೆ. ಖಿನ್ನತೆಯಲ್ಲಿ ಮನಸ್ಸು ಯಾವುದರ ಮೇಲೂ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಹೊಸದು ಒಳಗೆ ಕೂರುವುದಿಲ್ಲ. ನೋಡುವವರಿಗೆ ಡಿಮೆನ್ಷಿಯಾ ಇದ್ದ ಹಾಗೇ ಕಾಣುತ್ತದೆ. ವಯಸ್ಸಾದವರಲ್ಲಿ ಇದು ಇನ್ನೂ ಜಾಸ್ತಿ, ಅದಕ್ಕೇ ಅಜ್ಜ ಅಜ್ಜಿಯ ಮರೆವನ್ನು ‘ವಯಸ್ಸಾಯ್ತು’ ಅಂತ ಬಿಟ್ಟುಬಿಡಬಾರದು. ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ನೆನಪು ಎಷ್ಟೋ ಸುಧಾರಿಸುತ್ತದೆ.

ಇನ್ನೊಂದು, ಯೂ-ಚಾನ್‌ನ ಪ್ಯಾನಿಕ್ ಅಟ್ಯಾಕ್. ಸುತ್ತ ನೀರು ತುಂಬಿ ಅವನು ಮುಳುಗುವ ಹಾಗೆ ತೋರಿಸಿದ್ದಾರೆ. ಅನುಭವಿಸಿದವರು ‘ಹೃದಯವೇ ನಿಂತುಹೋಯಿತು, ಸತ್ತೇಹೋದೆ ಅನ್ನಿಸಿತು’ ಅಂತಾರೆ. ಇಸಿಜಿ ಮಾಡಿಸಿದರೆ ನಾರ್ಮಲ್. ಮನೆಗೆ ಬಂದ ಮೇಲೆ ‘ಏನೂ ಇಲ್ಲ ಅಂದರಲ್ಲ, ಸುಮ್ನೆ ಹೆದರಿದ್ದೀಯ’ ಅನ್ನುವ ಮಾತು. ಹೃದಯಕ್ಕೆ ಏನೂ ಆಗಿಲ್ಲ, ಸರಿ. ಆದರೆ ಅವರು ಮುಳುಗಿದ್ದು ನಿಜ.

ಮಾತ್ರೆಯ ವಿಷಯದಲ್ಲಿ ಮಾತ್ರ ಸೀರೀಸ್ ಸ್ವಲ್ಪ ಓಡುತ್ತದೆ. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆ ಥರ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹೊಟ್ಟೆ ತೊಳೆಸುವುದು, ನಿದ್ದೆ ಹೆಚ್ಚುಕಮ್ಮಿ ಆಗುವಂಥ ತೊಂದರೆಗಳು ಮೊದಲೇ ಬಂದುಬಿಡುತ್ತವೆ. ಹಾಗಾಗಿ ತುಂಬಾ ಜನ ಮೊದಲ ವಾರದಲ್ಲೇ ಬಿಟ್ಟುಬಿಡುತ್ತಾರೆ. ಚೆನ್ನಾಗಿದ್ದೇನೆ ಅನ್ನಿಸಿದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ. ನಿಲ್ಲಿಸುವುದಾದರೆ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ‘ಇದು ಅಂಟಿಕೊಂಡುಬಿಡುತ್ತೆ’ ಅಂತ ನಮ್ಮ ಮನೆಗೆ ಬಂದವರೆಲ್ಲ ಹೇಳಿದರು. ಖಿನ್ನತೆಗೆ ಕೊಡುವ ಮುಖ್ಯ ಮಾತ್ರೆಗಳು ಹೆಂಡದ ಹಾಗೆ ಚಟ ಹಿಡಿಸುವಂಥವಲ್ಲ.

ಅವಳು ಬರೆಯುವ ಡೈರಿ ನಿಜವಾಗಿ ಉಪಯೋಗಕ್ಕೆ ಬರುತ್ತದಾ?

ದಾ-ಉನ್ ದಿನಾ ತನ್ನನ್ನು ತಾನೇ ಹೊಗಳಿಕೊಂಡು ಬರೆಯುತ್ತಾಳೆ. ದೊಡ್ಡದೇನೂ ಅಲ್ಲ, ಆ ದಿನ ಕೈಲಾದ ಸಣ್ಣ ಸಣ್ಣ ಕೆಲಸಗಳು. ಮಾತ್ರೆಯ ಬದಲಿಗೆ ಇದಲ್ಲ, ಜೊತೆಗೆ ಒಳ್ಳೆಯದು. ನನ್ನ ತಮ್ಮ ಹಳೇ ಕ್ಯಾಲೆಂಡರಿನ ಚೌಕಗಳಲ್ಲಿ ಬರೆಯುತ್ತಿದ್ದ. ‘ಸ್ನಾನ ಮಾಡಿದೆ’ ಅಂತ ಮೂರು ದಿನ ಸತತ ಬರೆದಿದ್ದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಅತ್ತಿದ್ದೆ.

ಕೊರಿಯಾದಲ್ಲಿ ಜನ ಈ ವಿಷಯ ಇಷ್ಟು ಮುಚ್ಚಿಡುವುದು ಯಾಕೆ?

ನಾವು ಮುಚ್ಚಿಡುವ ಕಾರಣಕ್ಕೇ. ಮದುವೆ, ಕೆಲಸ, ನಾಲ್ಕು ಜನ ಏನಂದಾರು. ಅಲ್ಲಿ ಇದಕ್ಕೊಂದು ಹೆಸರೂ ಇದೆ, ‘ಎಫ್ ಕೋಡ್’. ಆಸ್ಪತ್ರೆಯ ದಾಖಲೆಯಲ್ಲಿ ಮಾನಸಿಕ ಕಾಯಿಲೆಗಳಿಗೆ ಹಾಕುವ ಸಂಕೇತ ಎಫ್ ಅಕ್ಷರದಿಂದ ಶುರುವಾಗುತ್ತದೆ. ಅದು ಒಮ್ಮೆ ಬಿದ್ದರೆ ಕೆಲಸ ಸಿಗಲ್ಲ, ಇನ್ಶೂರೆನ್ಸ್ ಸಿಗಲ್ಲ ಅನ್ನುವ ಭಯ. ಅದಕ್ಕೇ 2013ರಿಂದ, ಮಾತ್ರೆ ಇಲ್ಲದೆ ಬರೀ ಸಲಹೆ ಪಡೆದರೆ ಬೇರೆ ಸಂಕೇತ ಹಾಕಲು ಬಿಟ್ಟರು.

ಕಾಯಿಲೆಯ ಹೆಸರನ್ನೇ ಬದಲಾಯಿಸಿದ ದೇಶ ಅದು. ಸ್ಕಿಜೋಫ್ರೀನಿಯಾಕ್ಕೆ ಮೊದಲು ‘ಮನಸ್ಸು ಸೀಳಿಹೋದ ಕಾಯಿಲೆ’ ಅನ್ನುವ ಅರ್ಥದ ಹೆಸರಿತ್ತು. 2011ರಲ್ಲಿ ಅದನ್ನು ತೆಗೆದು ‘ಜೋ-ಹ್ಯೊನ್-ಬ್ಯೊಂಗ್’ ಅಂತ ಇಟ್ಟರು. ತಂತಿ ಶ್ರುತಿ ಮಾಡುವುದು ಅಂತ ಅದರ ಮೂಲ ಅರ್ಥ. ವೀಣೆಯ ತಂತಿ ಸಡಿಲವಾದರೆ ವೀಣೆಯನ್ನೇ ಯಾರೂ ಬಿಸಾಡುವುದಿಲ್ಲ, ಶ್ರುತಿ ಮಾಡುತ್ತಾರೆ. ಹ್ಯೋ-ಶಿನ್‌ಳ ತಂಗಿಯ ಕಥೆ ನೋಡುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ‘ಹ್ವಾ-ಬ್ಯೊಂಗ್’ ಅಂತ ಒಂದು ಮಾತಿದೆ, ‘ಬೆಂಕಿ ಕಾಯಿಲೆ’. ವರ್ಷಗಟ್ಟಲೆ ಸಿಟ್ಟು, ನೋವು ನುಂಗಿಕೊಂಡು ಬಂದ ನಡುವಯಸ್ಸಿನ ಹೆಂಗಸರು ಎದೆಯಲ್ಲಿ ಬಿಸಿ, ಉಸಿರು ಕಟ್ಟಿದ ಹಾಗೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನ್ನುತ್ತಾರೆ. ನಮ್ಮ ಹಳ್ಳಿಯ ದೊಡ್ಡಮ್ಮಂದಿರು ‘ಎದೆ ಉರಿ, ಮೈಯೆಲ್ಲ ನೋವು’ ಅಂತ ಡಾಕ್ಟರ ಹತ್ತಿರ ಹೋಗಿ ಬರೀ ಗ್ಯಾಸಿನ ಮಾತ್ರೆ ತರುವುದು ನೆನಪಾಗಲಿಲ್ಲವಾ?

ಕೊರಿಯಾದ ಆತ್ಮಹತ್ಯೆ ಪ್ರಮಾಣ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ) ದೇಶಗಳಲ್ಲೇ ಅತಿ ಹೆಚ್ಚು. 2023ರಲ್ಲಿ ಪ್ರತಿ ಲಕ್ಷಕ್ಕೆ 27.3. ಹಾಗಾಗಿ ಇಂಥ ಕಥೆ ಅಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. 2024ರ ಜನವರಿಯಿಂದ ಇಡೀ ದೇಶಕ್ಕೆ 109 ಅನ್ನುವ ಒಂದೇ ಸಹಾಯವಾಣಿ ಮಾಡಿದ್ದಾರೆ.

ಸಬ್‌ಟೈಟಲ್ ಓದುವುದು ಕಷ್ಟ. ಭಾಷೆ ಗೊತ್ತಿಲ್ಲದೆ ಹಿಡಿಸುತ್ತದಾ?

ಕನ್ನಡದ ಕಿವಿಗೆ ಬೇಗ ಹಿಡಿಸುತ್ತದೆ. ಅವರು ಅಪ್ಪನಿಗೆ ‘ಅಪ್ಪಾ’ ಅಂತಾರೆ, ಅಮ್ಮನಿಗೆ ‘ಅಮ್ಮಾ’ಕ್ಕೆ ತೀರಾ ಹತ್ತಿರದ ಮಾತು. ‘ನನ್ನ ಅಮ್ಮ’ ಅನ್ನುವ ಕಡೆ ಅವರೂ ನಮ್ಮ ಹಾಗೆ ‘ನಮ್ಮಮ್ಮ’, ‘ನಮ್ಮ ಮನೆ’ ಅಂತಲೇ ಹೇಳುವುದು. ಯಾರಾದರೂ ಸಿಕ್ಕಿದರೆ ಮೊದಲು ಕೇಳುವುದು ‘ಊಟ ಆಯ್ತಾ?’ ಅಂತ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಇದು ಎಷ್ಟೋ ಕಡೆ ಬೇರೇನೋ ಆಗಿಬಿಡುತ್ತದೆ. ಖಿನ್ನತೆ ಬಂದ ಮಗಳಿಗೆ ಏನು ಹೇಳಬೇಕೋ ತಿಳಿಯದ ತಾಯಿ ಅನ್ನದ ತಟ್ಟೆ ಮುಂದಿಡುವುದು ನಮಗೆ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ.

ಕೊರತೆ ಏನೂ ಇಲ್ಲವಾ?

ಇದೆ. ಪ್ರೇಮದ ತ್ರಿಕೋನ ಇಷ್ಟು ಬೇಕಿರಲಿಲ್ಲ. ಆಸ್ಪತ್ರೆ ತುಂಬಾ ಚೊಕ್ಕಟ, ಎಲ್ಲರಿಗೂ ಮಾತಾಡಲು ಬೇಕಾದಷ್ಟು ಸಮಯ. ನಾವು ಅಲೆದ ಆಸ್ಪತ್ರೆಗಳಲ್ಲಿ ಟೋಕನ್ ಹಿಡಿದು ಕಾದು, ಒಳಗೆ ಸಿಕ್ಕಿದ್ದು ಐದು ನಿಮಿಷ. ಕೆಲವು ರೋಗಿಗಳು ಒಂದು ಎಪಿಸೋಡಿನಲ್ಲಿ ಬಂದು ಅದರಲ್ಲೇ ಹುಷಾರಾಗುತ್ತಾರೆ. ಮರುಕಳಿಸುವ ಕಾಯಿಲೆಗಳ ಬಗ್ಗೆ ಅದು ತಪ್ಪು ಆಸೆ ಹುಟ್ಟಿಸಬಹುದು. ದುಡ್ಡಿನ ಮಾತೂ ಕಮ್ಮಿ.

ಆದರೆ ದಾ-ಉನ್ ಹುಷಾರಾಗಿ ಕೆಲಸಕ್ಕೆ ವಾಪಸು ಬಂದಾಗ ಏನಾಗುತ್ತದೆ ಅಂತ ತೋರಿಸಿದ್ದಕ್ಕೆ ಇದೆಲ್ಲ ಮಾಫಿ. ಬೇರೆ ಕಥೆಗಳು ಡಿಸ್ಚಾರ್ಜ್‌ಗೆ ಮುಗಿಯುತ್ತವೆ. ಇಲ್ಲಿ ರೋಗಿಗಳ ಮನೆಯವರೇ ಅವಳು ಬೇಡ ಅಂತ ಎದ್ದು ನಿಲ್ಲುತ್ತಾರೆ. ತಮ್ಮ ಮಕ್ಕಳಿಗೆ ಅದೇ ಕಾಯಿಲೆ ಇರುವ ತಂದೆ ತಾಯಂದಿರು!

ಯಾರು ನೋಡಬಾರದು?

ಈಗ ತೀರಾ ಕಷ್ಟದಲ್ಲಿರುವವರು, ಮನೆಯಲ್ಲಿ ಇತ್ತೀಚೆಗೆ ಆತ್ಮಹತ್ಯೆಯ ಸಾವು ಕಂಡವರು ಸದ್ಯಕ್ಕೆ ಬಿಡಿ. ನೋಡಲೇಬೇಕು ಅಂದರೆ ಒಬ್ಬರೇ ರಾತ್ರಿ ಹೊತ್ತು ನೋಡಬೇಡಿ.

ನೋಡಿದ ಮೇಲೆ ನಮ್ಮ ಮನೆಯಲ್ಲೂ ಹೀಗೇ ಇದೆ ಅನ್ನಿಸುತ್ತಿದೆ. ಏನು ಮಾಡಲಿ?

ಮೊದಲು ಎಷ್ಟು ದಿನದಿಂದ ಅಂತ ನೋಡಿ. ಎರಡು ವಾರದಿಂದ ಹೆಚ್ಚುಕಮ್ಮಿ ದಿನಾ ಮಂಕಾಗಿದ್ದಾರಾ? ಇಷ್ಟವಾದದ್ದೂ ಬೇಡವಾಗಿದೆಯಾ? ನಿದ್ದೆ, ಊಟ ಏರುಪೇರಾಗಿದೆಯಾ? ತಾನು ಯಾರಿಗೂ ಬೇಡದವನು ಅನ್ನುತ್ತಾರಾ? ಹಾಗಿದ್ದರೆ ಡಾಕ್ಟರಿಗೆ ತೋರಿಸುವ ಸಮಯ ಬಂದಿದೆ. ಗಂಡಸರಲ್ಲಿ ಇದು ಅಳುವಾಗಿ ಬರದೆ ಸಿಡುಕಾಗಿ, ಕುಡಿತವಾಗಿಯೂ ಬರುತ್ತದೆ.

ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಅಂತ ಕೇಂದ್ರ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ರೋಗಿಯೇ ಮಾಡಬೇಕು ಅಂತಿಲ್ಲ, ಮನೆಯವರೂ ಮಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲೂ ಮಾನಸಿಕ ಆರೋಗ್ಯ ವಿಭಾಗ ಇರುತ್ತದೆ.

ಸಾಯುವ ಮಾತು ಬಂದರೆ ಹೆದರಿ ಮಾತು ತಿರುಗಿಸಬೇಡಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದ ಹಾಗೆ ಅನ್ನುವುದು ತಪ್ಪು ನಂಬಿಕೆ. ಕೇಳಿದಾಗ ಎಷ್ಟೋ ಜನರಿಗೆ ಹಗುರಾಗುತ್ತದೆ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅಪಾಯ ಆಗುವಂಥ ವಸ್ತುಗಳನ್ನು ದೂರ ಇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ ಮುಚ್ಚಿಡಬೇಡಿ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅಂತ 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ.

ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ಬಗ್ಗೆ 2015ರಲ್ಲಿ ಬಾಯಿಬಿಟ್ಟು ಹೇಳಿದಾಗ, ಏನೋ ಸರಿ ಇಲ್ಲ ಅಂತ ಮೊದಲು ಗುರುತಿಸಿದ್ದು ಅಮ್ಮ ಅಂದಿದ್ದರು. ದೀಪಿಕಾ ಕಟ್ಟಿದ ಸಂಸ್ಥೆ ಹಳ್ಳಿಗಳ ಕೆಲಸವನ್ನು ಶುರು ಮಾಡಿದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿ. ಅಮ್ಮಂದಿರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಬಿದ್ದ ಮೇಲೆ ‘ದೃಷ್ಟಿ ತೆಗೆಸೋಣ’, ‘ಮದುವೆ ಮಾಡಿದರೆ ಸರಿಹೋಗುತ್ತೆ’ ಅನ್ನುವ ಕಡೆ ಹೋಗುತ್ತೇವಾ, ಡಾಕ್ಟರ ಕಡೆ ಹೋಗುತ್ತೇವಾ ಅನ್ನುವುದೇ ಪ್ರಶ್ನೆ. ನಮ್ಮಮ್ಮ ಹರಕೆಯನ್ನೂ ಹೊತ್ತರು, ಡಾಕ್ಟರ ಹತ್ತಿರವೂ ಬಂದರು. ಎರಡೂ ಒಟ್ಟಿಗೆ ನಡೆಯಲಿ, ಮಾತ್ರೆ ಮಾತ್ರ ತಪ್ಪದಿರಲಿ.

ಇದು ಮುಗಿದ ಮೇಲೆ ಏನು ನೋಡಲಿ?

‘ಅವರ್ ಬ್ಲೂಸ್’. 2022ರಲ್ಲಿ ಬಂದ 20 ಎಪಿಸೋಡು, ಜೇಜು ದ್ವೀಪದ ಮೀನುಗಾರರು, ಮಾರುಕಟ್ಟೆಯವರು, ಸಮುದ್ರಕ್ಕೆ ಧುಮುಕಿ ಶಂಖ ಚಿಪ್ಪು ತೆಗೆಯುವ ಹೆಂಗಸರ ಕಥೆ. ಅದರಲ್ಲಿ ಸೊನ್-ಆ ಅನ್ನುವ ತಾಯಿಗೆ ಖಿನ್ನತೆ. ಅದೇ ಕಾರಣಕ್ಕೆ ಮಗ ಕೈತಪ್ಪುವ ಸ್ಥಿತಿ. ಇಡೀ ಮೈ ಒದ್ದೆಯಾಗಿ ನೀರು ಸೋರುತ್ತಿರುವ ಹಾಗೆ ಅವಳಿಗೆ ಅನ್ನಿಸುತ್ತದೆ. ಗಂಡನಿಗೆ ಅದು ಕಾಣುವುದಿಲ್ಲ. ಅವನು ದುಷ್ಟನಲ್ಲ, ದಣಿದವನು. ನೋಡಿಕೊಳ್ಳುವವರೂ ದಣಿಯುತ್ತಾರೆ ಅಂತ ಒಪ್ಪಿಕೊಳ್ಳುವ ಕಥೆಗಳು ಕಮ್ಮಿ, ಇದು ಅಂಥದ್ದು.

ಅಪ್ಪ ಅಮ್ಮನ ಜೊತೆ ಕೂತು ನೋಡಬಹುದಾ?

ಮೊದಲ ಎಪಿಸೋಡಿನಲ್ಲಿ ಆ ಬೈಪೋಲಾರ್ ಹೆಂಗಸು ಬಟ್ಟೆ ಬಿಚ್ಚುವ ಪ್ರಸಂಗ ಒಂದಿದೆ, ಮುಜುಗರ ಆಗಬಹುದು. ಸೊ-ವಾನ್‌ನ ಭಾಗಕ್ಕೆ ಮುಂಚೆಯೇ ಹೇಳಿಬಿಡಿ. ಉಳಿದಂತೆ ಧಾರಾಳವಾಗಿ ನೋಡಬಹುದು.

ನಾನು ಅಮ್ಮನ ಜೊತೆ ಮೂರು ವಾರ ನೋಡಿದೆ, ರಾತ್ರಿ ಊಟ ಆದ ಮೇಲೆ, ಸಬ್‌ಟೈಟಲ್ ಕನ್ನಡದಲ್ಲಿ ಓದಿ ಹೇಳುತ್ತಾ. ಮೊದಲೆರಡು ದಿನ ಅಮ್ಮ ಹೂ ಕಟ್ಟುತ್ತಾ ಅರ್ಧಂಬರ್ಧ ನೋಡುತ್ತಿದ್ದರು. ದಾ-ಉನ್‌ಳ ಅಮ್ಮ ಸಹಿ ಹಾಕುವ ದಿನ ಹೂವಿನ ಬುಟ್ಟಿ ಪಕ್ಕಕ್ಕಿಟ್ಟು, ನಿಲ್ಲಿಸು ಅಂದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ತಮ್ಮನ ಹೆಸರು ಹಿಡಿದು, ‘ಅವನಿಗೆ ಅಷ್ಟೊಂದು ಬೈಬಾರದಿತ್ತು ಅಲ್ವೇನೇ’ ಅಂತ ಕೇಳಿದರು. ತಮ್ಮ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಆ ರಾತ್ರಿಯೇ ಅವನಿಗೆ ಫೋನ್ ಮಾಡಿದರು. ಬೈದದ್ದರ ಮಾತು ಎತ್ತಲಿಲ್ಲ. ಊಟ ಆಯ್ತಾ ಅಂತ ಕೇಳಿದರು, ಏನು ಸಾರು ಅಂತ ಕೇಳಿದರು, ಮಾತ್ರೆ ತಗೊಂಡ್ಯಾ ಅಂತ ಕೇಳಿದರು.